ಹುಳುಕು ಹಿಡಿದ ಹಾಲುಹಲ್ಲು: ಕಾಯುವುದೇ, ತುಂಬಿಸುವುದೇ, ಕ್ಯಾಪ್ ಹಾಕಿಸುವುದೇ, ಕೀಳಿಸುವುದೇ?

ಮಗುವಿನ ದವಡೆ ಹಲ್ಲಿನಲ್ಲಿ ಕಪ್ಪು ಗುಂಡಿ ಕಂಡ ಕೂಡಲೇ ಮನೆಯಲ್ಲಿ ಎರಡು ಮಾತು ಎದುರುಬದುರಾಗಿ ನಿಲ್ಲುತ್ತವೆ. ಹಿರಿಯರು "ಹಾಲುಹಲ್ಲು ತಾನೇ, ಹೇಗೂ ಬಿದ್ದು ಹೋಗುತ್ತದೆ, ಸುಮ್ಮನಿರಿ" ಎನ್ನುತ್ತಾರೆ. ಕ್ಲಿನಿಕ್ಕಿಗೆ ಹೋದರೆ "ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕಬೇಕು" ಎಂಬ ಉತ್ತರದ ಜೊತೆಗೆ ಖರ್ಚಿನ ಅಂದಾಜೂ ಕೈಗೆ ಬರುತ್ತದೆ. ಎರಡೂ ಕೆಲವು ಮಕ್ಕಳ ಮಟ್ಟಿಗೆ ಸರಿ, ಹಲವು ಮಕ್ಕಳ ಮಟ್ಟಿಗೆ ತಪ್ಪು. ಇವೆರಡರ ನಡುವೆ ಇನ್ನೂ ನಾಲ್ಕೈದು ದಾರಿಗಳಿವೆ. ಅವುಗಳಲ್ಲಿ ಕೆಲವು ಅಗ್ಗವಾದವು, ಕೆಲವಕ್ಕೆ ಸೂಜಿಯೂ ಬೇಡ, ಡ್ರಿಲ್ಲೂ ಬೇಡ. ಕೇಳಿದರೆ ಮಾತ್ರ ಅವುಗಳ ಪ್ರಸ್ತಾಪ ಬರುತ್ತದೆ ಎಂಬುದೇ ತೊಡಕು. ಹಾಗಾಗಿ ಯಾವ ಹಲ್ಲಿಗೆ ಯಾವುದು ಹೊಂದುತ್ತದೆ ಎಂದು ತೂಗಿ ನೋಡುವ ಬಗೆಯನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ಅಳೆಯಬೇಕಾದದ್ದು

ಚಿಕಿತ್ಸೆಯ ಹೆಸರಿಗೆ ಬರುವ ಮುನ್ನ ಕೆಲವು ಸಂಗತಿಗಳನ್ನು ತಿಳಿದುಕೊಳ್ಳಬೇಕು. ಮೊದಲನೆಯದು, ಆ ಹಲ್ಲು ಬಾಯಲ್ಲಿ ಇನ್ನೆಷ್ಟು ಕಾಲ ಇರಬೇಕು ಎಂಬುದು. ಹಾಲುಹಲ್ಲುಗಳು ಒಟ್ಟು 20. ಮುಂದಿನ ಬಾಚಿಹಲ್ಲುಗಳು 6ರಿಂದ 8 ವರ್ಷದೊಳಗೆ ಬಿದ್ದು ಹೋಗುತ್ತವೆ. ದವಡೆ ಹಲ್ಲುಗಳ ಲೆಕ್ಕ ಬೇರೆ: ಮೊದಲನೆಯದು 9ರಿಂದ 11 ವರ್ಷದವರೆಗೆ, ಎರಡನೆಯದು 10ರಿಂದ 12 ವರ್ಷದವರೆಗೆ ಇರಬೇಕು. ನಾಲ್ಕು ವರ್ಷದ ಮಗುವಿನ ಹಿಂದಿನ ದವಡೆ ಹಲ್ಲು ಇನ್ನೂ ಆರೇಳು ವರ್ಷ ಅನ್ನ ಜಗಿಯಬೇಕು, ಅಷ್ಟು ಕಾಲ ಅದರಡಿಯ ಶಾಶ್ವತ ಹಲ್ಲಿಗೆ ಜಾಗವನ್ನೂ ಕಾಯ್ದಿರಿಸಬೇಕು. "ಹೇಗೂ ಬಿದ್ದು ಹೋಗುತ್ತದೆ" ಎಂಬ ಮಾತು ಏಳು ವರ್ಷದ ಮಗುವಿನ ಅಲುಗಾಡುವ ಬಾಚಿಹಲ್ಲಿಗೆ ಒಪ್ಪುತ್ತದೆ, ಈ ಹಲ್ಲಿಗೆ ಒಪ್ಪುವುದಿಲ್ಲ.

ಎರಡನೆಯದು ಹುಳುಕಿನ ಆಳ. ಹಾಲುಹಲ್ಲಿನ ಹೊರಕವಚ ಶಾಶ್ವತ ಹಲ್ಲಿನದಕ್ಕಿಂತ ತೆಳು, ಒಳಗಿನ ನರದ ಕೋಣೆ ಹಲ್ಲಿನ ಗಾತ್ರಕ್ಕೆ ಹೋಲಿಸಿದರೆ ದೊಡ್ಡದು. ಅದರಿಂದಾಗಿ ಮೇಲೆ ಸಣ್ಣ ಚುಕ್ಕೆಯಂತೆ ಕಂಡದ್ದು ಒಳಗೆ ಬೇಗ ನರವನ್ನು ತಲುಪುತ್ತದೆ. ಮನೆಯಲ್ಲೇ ಒಂದಿಷ್ಟು ಅಂದಾಜು ಮಾಡಬಹುದು. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಮೇಲ್ತುಟಿಯನ್ನು ಎತ್ತಿ, ಮೊಬೈಲ್ ಟಾರ್ಚಿನ ಬೆಳಕಿನಲ್ಲಿ ಹಲ್ಲು ಒಸಡಿಗೆ ಸೇರುವ ಅಂಚನ್ನು ನೋಡಿ. ಅಲ್ಲಿ ಸುಣ್ಣದ ಗೆರೆ ಎಳೆದಂತಹ ಮಾಸಲು ಬಿಳುಪು ಇದ್ದರೆ ಅದು ಹುಳುಕಿನ ಮೊದಲ ಹಂತ. ಗುಂಡಿ ಇನ್ನೂ ಬಿದ್ದಿಲ್ಲ, ಹಿಂದಕ್ಕೆ ತರಲು ಅವಕಾಶವಿದೆ. ಕಂದು ಬಣ್ಣದ ಮೆತ್ತನೆಯ ಗುಂಡಿ ಮುಂದಿನ ಹಂತ. ಎರಡು ದವಡೆ ಹಲ್ಲುಗಳ ಸಂದಿನಲ್ಲಿ ಪದೇ ಪದೇ ಅನ್ನ, ಚಪಾತಿ ಸಿಕ್ಕಿಕೊಳ್ಳುತ್ತಿದ್ದರೆ ಸಂದಿನೊಳಗೆ ಹುಳುಕಿರುವ ಸಾಧ್ಯತೆ ಹೆಚ್ಚು. ಅದು ಕಣ್ಣಿಗೆ ಕಾಣದು, ಎಕ್ಸ್‌ರೇಯಲ್ಲೇ ತಿಳಿಯಬೇಕು.

ನೋವಿನ ಬಗೆಯೂ ಆಳವನ್ನು ಹೇಳುತ್ತದೆ. ಐಸ್‌ಕ್ರೀಮ್ ಅಥವಾ ಸಿಹಿ ತಿಂದಾಗ ಚುಳ್ ಎಂದು ಕೂಡಲೇ ಹೋದರೆ ನರ ಬಹುಮಟ್ಟಿಗೆ ಆರೋಗ್ಯವಾಗಿದೆ. ಏನೂ ತಿನ್ನದೆಯೂ ನೋಯುವುದು, ಮಗು ರಾತ್ರಿ ನಿದ್ದೆಯಿಂದ ಎದ್ದು ಕೆನ್ನೆ ಹಿಡಿದು ಅಳುವುದು, ನರಕ್ಕೆ ಸೋಂಕು ತಲುಪಿದ ಲಕ್ಷಣ. ಒಸಡಿನ ಮೇಲೆ ಮೊಡವೆಯಂತಹ ಕೀವು ಗುಳ್ಳೆ ಎದ್ದಿದ್ದರೆ ನೋವಿಲ್ಲದಿದ್ದರೂ ಒಳಗೆ ನರ ಸತ್ತಿದೆ ಎಂದೇ ತಿಳಿಯಬೇಕು. ಕೆನ್ನೆ ಅಥವಾ ದವಡೆಯ ಕೆಳಭಾಗ ಊದಿಕೊಂಡು, ಜ್ವರ ಬಂದು, ಬಾಯಿ ತೆರೆಯಲು ಅಥವಾ ನುಂಗಲು ಕಷ್ಟವಾದರೆ ಹೋಲಿಕೆಗೆ ಸಮಯವಿಲ್ಲ, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಲವಂಗದ ಎಣ್ಣೆ, ಹಳೆಯ ಆ್ಯಂಟಿಬಯೋಟಿಕ್ ಸಿರಪ್ಪು ಇಟ್ಟುಕೊಂಡು ಕಾಯುವ ಕಾಲ ಅದಲ್ಲ.

ಮೂರನೆಯದಾಗಿ ಮಗು ಕುರ್ಚಿಯಲ್ಲಿ ಎಷ್ಟು ಹೊತ್ತು ಕೂರುತ್ತದೆ ಎಂಬುದನ್ನೂ, ಕೊನೆಗೆ ಹಣವನ್ನೂ ಓಡಾಟವನ್ನೂ ನೋಡಬೇಕು. ಹಣವನ್ನು ಕೊನೆಗೆ ಹೇಳಿದ್ದಕ್ಕೆ ಕಾರಣವಿದೆ. ಮೊದಲಿನ ಮೂರನ್ನು ಅರಿಯದೆ ಅಗ್ಗದ್ದನ್ನು ಆರಿಸಿದರೆ ಅದೇ ಹಲ್ಲಿಗೆ ಎರಡನೇ ಸಲ ದುಡ್ಡು ಕೊಡಬೇಕಾಗುತ್ತದೆ.

ಕಾದು ನೋಡುವುದು

ಕಾಯುವುದೆಂದರೆ ಕೈಕಟ್ಟಿ ಕೂರುವುದೆಂದು ಅರ್ಥವಲ್ಲ. ಬಿಳಿ ಗೆರೆಯ ಹಂತದಲ್ಲಿ, ಅಥವಾ ಒಂದು ವರ್ಷದೊಳಗೆ ಬೀಳಲಿರುವ, ನೋವಿಲ್ಲದ ಹಲ್ಲಿನಲ್ಲಿ ಕಾಯುವುದು ಒಳ್ಳೆಯ ಆಯ್ಕೆಯೇ. ಆದರೆ ಅದಕ್ಕೆ ಮೂರು ಕೆಲಸ ಜೊತೆಯಾಗಬೇಕು: ದಿನಕ್ಕೆರಡು ಸಲ ಫ್ಲೋರೈಡ್ ಪೇಸ್ಟಿನಿಂದ ದೊಡ್ಡವರೇ ಹಲ್ಲುಜ್ಜಿಸುವುದು, ವೈದ್ಯರಲ್ಲಿ ಸುಮಾರು ಆರು ತಿಂಗಳಿಗೊಮ್ಮೆ ಫ್ಲೋರೈಡ್ ವಾರ್ನಿಷ್ ಎಂಬ ಲೇಪ ಹಚ್ಚಿಸುವುದು, ಸಿಹಿಯ ಸರದಿಯನ್ನು ಕಡಿಮೆ ಮಾಡುವುದು. ಇಲ್ಲಿ ಪ್ರಮಾಣಕ್ಕಿಂತ ಸರದಿ ಮುಖ್ಯ. ಬಾಯಲ್ಲಿನ ಬ್ಯಾಕ್ಟೀರಿಯಾ ಸಕ್ಕರೆಯನ್ನು ಆಮ್ಲವಾಗಿಸಿದಾಗ ಹಲ್ಲಿನ ಮೇಲ್ಮೈಯ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿಯುತ್ತದೆ, ಖನಿಜ ಕರಗುತ್ತದೆ. ಜೊಲ್ಲು ಅದನ್ನು ಮತ್ತೆ ಸರಿಪಡಿಸಲು ಅರ್ಧ ಗಂಟೆ ಅಥವಾ ಇನ್ನೂ ಹೆಚ್ಚು ಹೊತ್ತು ಬೇಕು. ಊಟದ ಜೊತೆಗೆ ಒಮ್ಮೆ ಹೋಳಿಗೆ ತಿಂದ ಮಗುವಿಗಿಂತ, ಸಂಜೆಯಿಡೀ ಒಂದೊಂದೇ ಬಿಸ್ಕತ್ತು ಕೇಳಿ ತಿನ್ನುವ ಮಗುವಿನ ಹಲ್ಲಿಗೆ ಹೆಚ್ಚು ಪೆಟ್ಟು. ರಾತ್ರಿ ಬಾಯಲ್ಲಿ ಹಾಲಿನ ಬಾಟಲಿ ಇಟ್ಟುಕೊಂಡೇ ಮಲಗುವ ಮಗುವಿಗೆ ಎಲ್ಲಕ್ಕಿಂತ ಹೆಚ್ಚು, ಏಕೆಂದರೆ ನಿದ್ದೆಯಲ್ಲಿ ಜೊಲ್ಲು ಕಡಿಮೆ.

ಪೇಸ್ಟಿನ ಬಗ್ಗೆ ಒಂದು ಮಾತು. ಡಬ್ಬಿಯ ಮೇಲೆ ಕಾರ್ಟೂನ್ ಇರುವ ಮಕ್ಕಳ ಪೇಸ್ಟುಗಳಲ್ಲಿ ಹಲವು ಫ್ಲೋರೈಡ್ ಇಲ್ಲದವು, ಅಥವಾ 500 ಪಿಪಿಎಂಗಿಂತ (ಹತ್ತು ಲಕ್ಷ ಪಾಲಿನಲ್ಲಿ ಎಷ್ಟು ಪಾಲು ಎಂಬ ಅಳತೆ) ಕಡಿಮೆ ಇರುವವು. ಭಾರತದಲ್ಲಿ ಪೇಸ್ಟಿಗೆ ಅನುಮತಿಸಿರುವ ಮಿತಿ 1,000 ಪಿಪಿಎಂ. ಹುಳುಕು ಆಗಲೇ ಶುರುವಾಗಿರುವ ಮಗುವಿಗೆ ಆ ಪ್ರಮಾಣದ ಪೇಸ್ಟೇ ಬೇಕು: ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು. ಪಾವಗಡ, ಬಾಗೇಪಲ್ಲಿ, ಮುಂಡರಗಿಯಂತಹ ಕಡೆ ಬೋರ್‌ವೆಲ್ ನೀರಿನಲ್ಲೇ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟುವ ಊರುಗಳಿವೆ. ಅಲ್ಲಿನ ಪೋಷಕರು ಕುಡಿಯುವ ನೀರಿನ ಮೂಲವನ್ನು ವೈದ್ಯರಿಗೆ ಮೊದಲೇ ಹೇಳಬೇಕು, ಮಗು ಪೇಸ್ಟ್ ನುಂಗದಂತೆ ಇನ್ನೂ ಎಚ್ಚರ ವಹಿಸಬೇಕು.

ಕಾಯುವ ದಾರಿಯ ದೌರ್ಬಲ್ಯವೆಂದರೆ ಅದು ಪೂರ್ತಿ ಮನೆಯವರ ಶಿಸ್ತಿನ ಮೇಲೆ ನಿಂತಿದೆ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗಿ, ಅಜ್ಜಿಯ ಮಮತೆಯ ಕೈಯಲ್ಲಿ ಮಗು ಬೆಳೆಯುವ ಮನೆಯಲ್ಲಿ ಈ ಶಿಸ್ತು ಎಷ್ಟು ದಿನ ನಡೆದೀತೆಂದು ಪ್ರಾಮಾಣಿಕವಾಗಿ ಯೋಚಿಸಿ ಆರಿಸಿಕೊಳ್ಳಬೇಕು.

ಬೆಳ್ಳಿಯ ದ್ರವ

ಸಿಲ್ವರ್ ಡೈಅಮೈನ್ ಫ್ಲೋರೈಡ್, ವೈದ್ಯರ ಮಾತಿನಲ್ಲಿ ಎಸ್‌ಡಿಎಫ್, ನಮ್ಮ ಪೋಷಕರು ಅತಿ ಕಡಿಮೆ ಕೇಳಿರುವ ಮತ್ತು ಕೇಳಲೇಬೇಕಾದ ಆಯ್ಕೆ. ಜಪಾನಿನಲ್ಲಿ ದಶಕಗಳಿಂದ ಬಳಕೆಯಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಫ್ಲೋರೈಡ್ ಪೇಸ್ಟ್ ಮತ್ತು ಗ್ಲಾಸ್ ಅಯನೊಮರ್ ಸಿಮೆಂಟಿನ ಜೊತೆಗೆ ಇದನ್ನೂ ಅವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು. ಕೆಲಸ ಸರಳ. ತುಟಿಗೆ ವ್ಯಾಸಲೀನ್ ಸವರಿ, ಹತ್ತಿಯಿಂದ ಹಲ್ಲನ್ನು ಒಣಗಿಸಿ, ಸಣ್ಣ ಬ್ರಷ್ಷಿನ ತುದಿಯಲ್ಲಿ ಒಂದು ಹನಿ ತೆಗೆದು ಗುಂಡಿಗೆ ಸುಮಾರು ಒಂದು ನಿಮಿಷ ಹಚ್ಚುತ್ತಾರೆ. ಸೂಜಿ ಇಲ್ಲ, ಡ್ರಿಲ್ ಇಲ್ಲ, ಲೋಹದಂತಹ ಒಗರು ರುಚಿ ಮಾತ್ರ. ಬೆಳ್ಳಿ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ, ಫ್ಲೋರೈಡ್ ಹಲ್ಲನ್ನು ಗಟ್ಟಿ ಮಾಡುತ್ತದೆ. ವರ್ಷಕ್ಕೊಂದು ಸಲಕ್ಕಿಂತ ಎರಡು ಸಲ ಹಚ್ಚಿದರೆ ಫಲ ಹೆಚ್ಚು.

ಬೆಲೆ ತೆರಬೇಕಾದದ್ದು ಬಣ್ಣದಲ್ಲಿ. ಹುಳುಕಿದ ಭಾಗ ಕಾಯಂ ಆಗಿ ಕಪ್ಪಾಗುತ್ತದೆ, ಗಟ್ಟಿಯಾದ ಹೊಳಪುಗಪ್ಪು. ಆರೋಗ್ಯವಾಗಿರುವ ಭಾಗಕ್ಕೆ ಕಲೆ ಹಿಡಿಯುವುದಿಲ್ಲ. ಚರ್ಮಕ್ಕೆ ತಾಗಿದರೆ ಆದ ಕಂದು ಗುರುತು ಒಂದೆರಡು ವಾರದಲ್ಲಿ ಹೋಗುತ್ತದೆ, ಅಂಗಿಗೆ ತಾಗಿದ್ದು ಹೋಗುವುದಿಲ್ಲ. ಹಿಂದಿನ ದವಡೆ ಹಲ್ಲಿನ ಕಪ್ಪು ಯಾರಿಗೂ ಕಾಣದು. ಮುಂದಿನ ನಾಲ್ಕು ಹಲ್ಲು ಕಪ್ಪಾದರೆ ಮದುವೆ ಮನೆಯಲ್ಲಿ ಪ್ರತಿಯೊಬ್ಬರಿಗೂ ಉತ್ತರ ಕೊಡಬೇಕಾಗುತ್ತದೆ, ಶಾಲೆಗೆ ಹೋಗುವ ವಯಸ್ಸಾದರೆ ಮಗುವೇ ಉತ್ತರ ಕೊಡಬೇಕು. ಇದನ್ನು ಹಗುರವಾಗಿ ಕಾಣಬಾರದು. ಆದರೆ ಎರಡೂವರೆ ವರ್ಷದ, ಕುರ್ಚಿ ಕಂಡರೆ ಕಿರುಚುವ ಮಗುವಿಗೆ ಉಳಿದ ದಾರಿ ಅರಿವಳಿಕೆ ಕೊಟ್ಟು ಮಾಡುವ ಚಿಕಿತ್ಸೆಯಾದಾಗ, ಕಪ್ಪು ಬಣ್ಣ ನನ್ನ ದೃಷ್ಟಿಯಲ್ಲಿ ಸಣ್ಣ ಬೆಲೆ.

ಇದಕ್ಕೆ ಮಿತಿಗಳೂ ಇವೆ. ರಾತ್ರಿ ನೋವು, ಕೀವು ಇರುವ ಹಲ್ಲಿಗೆ ಇದು ಆಗದು. ಬೆಳ್ಳಿಯ ಅಲರ್ಜಿ ಇರುವವರಿಗೂ ಆಗದು. ಮತ್ತೆ, ಇದು ಹುಳುಕನ್ನು ತಡೆಯುತ್ತದೆ, ಗುಂಡಿಯನ್ನು ಮುಚ್ಚುವುದಿಲ್ಲ. ಅನ್ನ ಸಿಕ್ಕಿಕೊಳ್ಳುವುದು ಮುಂದುವರಿದರೆ ಅದರ ಮೇಲೆ ಸಿಮೆಂಟ್ ತುಂಬಿಸಬೇಕು.

ಸಿಮೆಂಟ್ ಮತ್ತು ಹಲ್ಲಿನ ಬಣ್ಣದ ಫಿಲ್ಲಿಂಗ್

ನರ ತಲುಪದ, ಜಗಿಯುವ ಮೇಲ್ಮೈಯಲ್ಲಷ್ಟೇ ಇರುವ ಗುಂಡಿಗೆ ಗ್ಲಾಸ್ ಅಯನೊಮರ್ ಸಿಮೆಂಟ್ ಸಾಕಾಗುತ್ತದೆ. ಅದು ಹಲ್ಲಿಗೆ ತಾನಾಗಿ ಅಂಟುತ್ತದೆ, ಸ್ವಲ್ಪ ಫ್ಲೋರೈಡನ್ನೂ ಬಿಡುತ್ತದೆ, ಜೊಲ್ಲಿನ ತೇವವನ್ನು ಒಂದಿಷ್ಟು ಸಹಿಸುತ್ತದೆ. ಮೆತ್ತಗಾದ ಹುಳುಕನ್ನು ಕೈಯ ಉಪಕರಣದಿಂದಲೇ ಕೆರೆದು ತೆಗೆದು ಸಿಮೆಂಟ್ ತುಂಬುವ ವಿಧಾನ 1980ರ ದಶಕದಲ್ಲಿ ತಾಂಜಾನಿಯಾದಲ್ಲಿ ರೂಪುಗೊಂಡಿತು. ಕರೆಂಟ್ ಇಲ್ಲದ ಊರುಗಳಿಗಾಗಿ ಹುಟ್ಟಿದ ಅದು ಡ್ರಿಲ್ಲಿನ ಸದ್ದಿಗೆ ಹೆದರುವ ಮಕ್ಕಳಿಗೂ ಅನುಕೂಲವಾಯಿತು. ಕಾಂಪೋಸಿಟ್ ಫಿಲ್ಲಿಂಗ್ ಹೆಚ್ಚು ಚಂದ, ಹೆಚ್ಚು ಗಟ್ಟಿ. ಆದರೆ ಹಾಕುವಷ್ಟು ಹೊತ್ತೂ ಹಲ್ಲು ಒಣಗಿರಬೇಕು, ಮಗು ಅಲುಗಾಡಬಾರದು.

ಎರಡು ಹಲ್ಲುಗಳ ಸಂದಿನಿಂದ ಶುರುವಾದ ಹುಳುಕಿನಲ್ಲಿ ಫಿಲ್ಲಿಂಗ್ ಬಿದ್ದುಹೋಗುವುದು, ಮುರಿಯುವುದು ಹೆಚ್ಚು. "ಹೋದ ವರ್ಷ ತಾನೇ ತುಂಬಿಸಿದ್ದೆವು" ಎಂಬ ದೂರು ಹೆಚ್ಚಾಗಿ ಇಂತಹ ಹಲ್ಲಿನದೇ. ಎರಡು ಮೇಲ್ಮೈ ಹಾಳಾದ ದವಡೆ ಹಲ್ಲು ಇನ್ನೂ ನಾಲ್ಕು ವರ್ಷ ಇರಬೇಕೆಂದಿದ್ದರೆ ಫಿಲ್ಲಿಂಗಿನ ಉಳಿತಾಯ ನಿಜವಾದ ಉಳಿತಾಯವಲ್ಲ.

ಸ್ಟೀಲ್ ಕ್ಯಾಪ್, ಎರಡು ಬಗೆಯಲ್ಲಿ

ಸ್ಟೀಲ್ ಕ್ಯಾಪ್ ಎಂದೊಡನೆ ಪೋಷಕರು ರೂಟ್ ಕೆನಾಲ್ ಕೂಡ ಸೇರಿದೆ ಎಂದುಕೊಳ್ಳುತ್ತಾರೆ. ಸೇರಲೇಬೇಕೆಂದಿಲ್ಲ. ನರ ಚೆನ್ನಾಗಿರುವ, ಆದರೆ ಸಂದಿನಲ್ಲಿ ಹುಳುಕು ಹಿಡಿದ ದವಡೆ ಹಲ್ಲಿಗೆ ಹಾಲ್ ವಿಧಾನವೊಂದಿದೆ. ಸ್ಕಾಟ್ಲೆಂಡಿನ ದಂತವೈದ್ಯೆ ನೊರ್ನಾ ಹಾಲ್ ತಮ್ಮ ಕ್ಲಿನಿಕ್ಕಿನಲ್ಲಿ ವರ್ಷಗಟ್ಟಲೆ ಮಾಡುತ್ತ ಬಂದದ್ದರಿಂದ ಈ ಹೆಸರು. ಹುಳುಕನ್ನು ಕೆರೆಯುವುದಿಲ್ಲ, ಸೂಜಿ ಚುಚ್ಚುವುದಿಲ್ಲ. ಜಾಗ ಬಿಗಿಯಾಗಿದ್ದರೆ ಮೂರ್ನಾಲ್ಕು ದಿನ ಮುಂಚೆ ಹಲ್ಲಿನ ಸಂದಿಗೆ ಚಿಕ್ಕ ರಬ್ಬರ್ ಉಂಗುರ ಸಿಕ್ಕಿಸುತ್ತಾರೆ. ಬಳಿಕ ಅಳತೆಗೆ ತಕ್ಕ ಸಿದ್ಧ ಕ್ಯಾಪಿನೊಳಗೆ ಸಿಮೆಂಟ್ ತುಂಬಿ, ಹಲ್ಲಿನ ಮೇಲೆ ಒತ್ತಿ, ಮಗುವಿಗೆ ಕಚ್ಚಲು ಹೇಳುತ್ತಾರೆ. ಒಳಗೆ ಉಳಿದ ಬ್ಯಾಕ್ಟೀರಿಯಾಗಳಿಗೆ ಸಕ್ಕರೆ ಸಿಗದೆ ಹುಳುಕು ನಿಲ್ಲುತ್ತದೆ. ಮೊದಲ ದಿನಗಳಲ್ಲಿ ಆ ಬದಿಯ ಹಲ್ಲು ಎತ್ತರವಾಗಿ, ಕಚ್ಚಿದಾಗ ಉಳಿದ ಹಲ್ಲುಗಳು ಸೇರದಂತೆ ಕಾಣುತ್ತದೆ. ಮಕ್ಕಳಲ್ಲಿ ಅದು ಕೆಲವು ವಾರಗಳಲ್ಲಿ ತಾನಾಗಿ ಹೊಂದಿಕೊಳ್ಳುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಮನೆಯವರು ಗಾಬರಿಗೊಳ್ಳುತ್ತಾರೆ.

"ಹುಳುಕನ್ನು ಒಳಗೇ ಬಿಟ್ಟು ಮುಚ್ಚುವುದೇ?" ಎಂಬ ಅನುಮಾನ ಸಹಜ. ಸ್ಕಾಟ್ಲೆಂಡಿನಲ್ಲಿ 132 ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ ಒಂದೇ ಮಗುವಿನ ಒಂದು ಹಲ್ಲಿಗೆ ಹಾಲ್ ಕ್ಯಾಪ್, ಇನ್ನೊಂದಕ್ಕೆ ವೈದ್ಯರು ರೂಢಿಯಲ್ಲಿ ಹಾಕುವ ಫಿಲ್ಲಿಂಗ್ ಹಾಕಿ ನೋಡಿದರು. ಐದು ವರ್ಷದ ಕೊನೆಗೆ ನೋವು, ಕೀವಿನಂತಹ ದೊಡ್ಡ ವೈಫಲ್ಯ ಕ್ಯಾಪಿನ ಗುಂಪಿನಲ್ಲಿ ಶೇ 3, ಫಿಲ್ಲಿಂಗಿನ ಗುಂಪಿನಲ್ಲಿ ಶೇ 16.5 ಇತ್ತು. ಷರತ್ತು ಒಂದೇ: ನರಕ್ಕೆ ಸೋಂಕು ತಗುಲಿರಬಾರದು, ಅದನ್ನು ಎಕ್ಸ್‌ರೇಯಲ್ಲಿ ಖಚಿತಪಡಿಸಿಕೊಂಡಿರಬೇಕು. ನಿಕಲ್ ಅಲರ್ಜಿ ಇರುವ ಮಗುವಿಗೆ ಸ್ಟೀಲ್ ಕ್ಯಾಪ್ ಆಗದು.

ಎರಡನೆಯದು, ನರದ ಚಿಕಿತ್ಸೆಯೊಂದಿಗೆ ಬರುವ ಕ್ಯಾಪ್. ಹುಳುಕು ನರವನ್ನು ಮುಟ್ಟಿದ್ದರೂ ಸೋಂಕು ಮೇಲ್ಭಾಗದಲ್ಲಷ್ಟೇ ಇದ್ದರೆ ಅಷ್ಟನ್ನೇ ತೆಗೆದು ಔಷಧ ಇಡುವ ಪಲ್ಪಾಟಮಿ ಸಾಕು. ಬೇರಿನವರೆಗೆ ಹೋಗಿದ್ದರೆ ಪಲ್ಪೆಕ್ಟಮಿ ಮಾಡುತ್ತಾರೆ. ಮಕ್ಕಳ ರೂಟ್ ಕೆನಾಲ್ ಎಂದು ಕರೆಯುವುದು ಬಹುಮಟ್ಟಿಗೆ ಇದನ್ನೇ. ದೊಡ್ಡವರ ಹಲ್ಲಿಗೆ ತುಂಬುವ ವಸ್ತುವನ್ನು ಇಲ್ಲಿ ತುಂಬುವಂತಿಲ್ಲ. ಶಾಶ್ವತ ಹಲ್ಲು ಮೇಲೇರುವಾಗ ಹಾಲುಹಲ್ಲಿನ ಬೇರು ಕರಗಬೇಕಾದ್ದರಿಂದ ಒಳಗಿನ ಪೇಸ್ಟೂ ಅದರ ಜೊತೆ ಕರಗುವಂತಹದ್ದಾಗಿರಬೇಕು. ಮಕ್ಕಳ ದಂತವೈದ್ಯರನ್ನೇ ಹುಡುಕಿಕೊಂಡು ಹೋಗಲು ಇದೂ ಒಂದು ಕಾರಣ. ಎರಡರಲ್ಲಿ ಯಾವುದನ್ನು ಮಾಡುತ್ತಾರೆ, ಏಕೆ ಎಂದು ಎಕ್ಸ್‌ರೇ ತೋರಿಸಿಯೇ ಹೇಳುವಂತೆ ಕೇಳುವುದು ಪೋಷಕರ ಹಕ್ಕು. ಮಗು ಸೂಜಿಯನ್ನು ತಡೆದುಕೊಳ್ಳಬೇಕು, ಒಂದೆರಡು ಸಲ ಬರಬೇಕು. ಖರ್ಚು ಬರಿಯ ಫಿಲ್ಲಿಂಗಿನ ಹಲವು ಪಟ್ಟು.

ಬಿಳಿ ಜಿರ್ಕೋನಿಯಾ ಕ್ಯಾಪ್ ಸ್ಟೀಲಿಗಿಂತ ಬಹಳ ದುಬಾರಿ, ಅದಕ್ಕಾಗಿ ಹಲ್ಲನ್ನು ಹೆಚ್ಚು ತೇಯಬೇಕು. ಮುಂದಿನ ಹಲ್ಲಿಗಾದರೆ ಯೋಚಿಸಬಹುದು. ಹಿಂದಿನ ದವಡೆಗೆ ಅದು ಬೇಕೆನ್ನಿಸುವುದು ಅಪ್ಪ ಅಮ್ಮನ ಕಣ್ಣಿಗೇ ಹೊರತು ಮಗುವಿನ ಹಲ್ಲಿಗಲ್ಲ.

ಕೀಳಿಸುವುದು

ಕೀಳಿಸುವುದು ಸೋಲೇನಲ್ಲ. ಕೀವು ಮೂಳೆಯವರೆಗೆ ಹೋಗಿದ್ದರೆ, ಹಲ್ಲಿನ ಗೋಡೆಗಳೇ ಉಳಿದಿಲ್ಲದಿದ್ದರೆ, ಶಾಶ್ವತ ಹಲ್ಲು ಆಗಲೇ ಒಸಡಿನ ಹತ್ತಿರ ಬಂದಿದ್ದರೆ ಅದೇ ಒಳ್ಳೆಯದು. ಕೀಳುವ ದಿನದ ಖರ್ಚು ಕಡಿಮೆ. ಆದರೆ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ದವಡೆ ಹಲ್ಲು ಬೇಗ ಹೋದರೆ ಹಿಂದಿನ ಹಲ್ಲು ಮುಂದಕ್ಕೆ ವಾಲುತ್ತದೆ, ಕೆಳಗಿನ ಶಾಶ್ವತ ಹಲ್ಲು ಜಾಗವಿಲ್ಲದೆ ಓರೆಯಾಗಿ ಹುಟ್ಟುತ್ತದೆ ಅಥವಾ ಒಳಗೇ ಸಿಕ್ಕಿಕೊಳ್ಳುತ್ತದೆ. ಅದನ್ನು ತಡೆಯಲು ಪಕ್ಕದ ಹಲ್ಲಿಗೆ ಪಟ್ಟಿ ತೊಡಿಸಿ ತಂತಿಯ ಕೊಂಡಿ ಚಾಚಿದ ಸ್ಪೇಸ್ ಮೇಂಟೇನರ್ ಬೇಕಾಗುತ್ತದೆ, ಕೆಲವು ತಿಂಗಳಿಗೊಮ್ಮೆ ತೋರಿಸಬೇಕಾಗುತ್ತದೆ. ಇದನ್ನು ಸೇರಿಸಿದರೆ ಕೀಳಿಸಿದ್ದರ ಖರ್ಚು ಉಳಿಸಿಕೊಂಡದ್ದರ ಹತ್ತಿರಕ್ಕೆ ಬರುತ್ತದೆ. ಮುಂದಿನ ಬಾಚಿಹಲ್ಲು ಬೇಗ ಹೋದರೆ ಸಾಮಾನ್ಯವಾಗಿ ಜಾಗದ ತೊಂದರೆ ಇಲ್ಲ.

ಇನ್ನೊಂದು ಎಚ್ಚರ. ಆರನೇ ವರ್ಷದ ಹೊತ್ತಿಗೆ ಹಾಲುದವಡೆಯ ಹಿಂದೆ, ಯಾವ ಹಲ್ಲೂ ಬೀಳದೆಯೇ, ಮೊದಲ ಶಾಶ್ವತ ದವಡೆ ಹಲ್ಲು ಹುಟ್ಟುತ್ತದೆ. ಅದನ್ನೂ ಹಾಲುಹಲ್ಲೆಂದೇ ತಿಳಿದು ಹುಳುಕಿದರೂ ಬಿಟ್ಟುಬಿಡುವ, ಕೊನೆಗೆ ಕೀಳಿಸುವ ಮನೆಗಳು ಬಹಳ. ಹಿಂದಿನಿಂದ ಎಣಿಸಬೇಡಿ, ಮುಂದಿನಿಂದ ಎಣಿಸಿ: ಮಧ್ಯದ ಗೆರೆಯಿಂದ ಆರನೆಯದು ಶಾಶ್ವತ ಹಲ್ಲು. ಅದಕ್ಕೆ ಈ ಬರಹದ ಲೆಕ್ಕ ಯಾವುದೂ ಅನ್ವಯಿಸದು. ಅದರ ಗೀರುಗಳಿಗೆ ಸೀಲೆಂಟ್, ಅಂದರೆ ಗೀರು ಮುಚ್ಚುವ ಲೇಪ, ಹಾಕಿಸುವುದು ಒಳ್ಳೆಯದು.

ಎಲ್ಲಿ ಮಾಡಿಸುವುದು

ಖಾಸಗಿ ಕ್ಲಿನಿಕ್ಕಿನಲ್ಲಿ ಸಮಯ ಉಳಿಯುತ್ತದೆ, ದಂತ ಕಾಲೇಜಿನಲ್ಲಿ ಹಣ ಉಳಿಯುತ್ತದೆ. ಬೆಂಗಳೂರಿನ ಸರ್ಕಾರಿ ದಂತ ಕಾಲೇಜಿನಲ್ಲೂ, ಮೈಸೂರು, ಮಂಗಳೂರು, ಧಾರವಾಡ, ದಾವಣಗೆರೆ, ಬೆಳಗಾವಿಯ ದಂತ ಕಾಲೇಜುಗಳಲ್ಲೂ ಮಕ್ಕಳಿಗಾಗಿಯೇ ವಿಭಾಗವಿದೆ. ಸ್ನಾತಕೋತ್ತರ ವಿದ್ಯಾರ್ಥಿಗಳು ಅಧ್ಯಾಪಕರ ಉಸ್ತುವಾರಿಯಲ್ಲಿ ಚಿಕಿತ್ಸೆ ಮಾಡುತ್ತಾರೆ, ಪ್ರತಿ ಹಂತವೂ ನಿಧಾನ, ಅರ್ಧ ದಿನ ಹೋಗುತ್ತದೆ. ದಿನಗೂಲಿ ಬಿಟ್ಟು ಬರುವವರು ಆ ಕೂಲಿಯನ್ನೂ ಖರ್ಚಿಗೆ ಸೇರಿಸಿ ನೋಡಬೇಕು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೂ ಸರ್ಕಾರಿ ಶಾಲೆಗೂ ಬಂದು ತಪಾಸಣೆ ಮಾಡುವಾಗ ಹಲ್ಲಿನ ತೊಂದರೆಯೂ ಅವರ ಪಟ್ಟಿಯಲ್ಲಿರುತ್ತದೆ. ಆ ಚೀಟಿ ಶಾಲೆಯ ಚೀಲದಲ್ಲೇ ಮುದುಡಿ ಹೋಗದಂತೆ ನೋಡಿಕೊಂಡರೆ ಮುಂದಿನ ಆಸ್ಪತ್ರೆಯ ದಾರಿ ಸುಲಭ.

ಕೆಲವು ಮಕ್ಕಳನ್ನು ಇಟ್ಟು ನೋಡಿದರೆ

ಬಾಟಲಿ ಹಾಲಿನಿಂದ ಮೇಲಿನ ನಾಲ್ಕು ಮುಂದಿನ ಹಲ್ಲು ಕಂದಾದ, ನೋವಿಲ್ಲದ ಎರಡೂವರೆ ವರ್ಷದ ಮಗು: ಬಾಟಲಿ ನಿಲ್ಲಿಸಿ, ಎಸ್‌ಡಿಎಫ್ ಅಥವಾ ವಾರ್ನಿಷ್ ಹಚ್ಚಿಸಿ, ಕೂರುವ ವಯಸ್ಸು ಬಂದ ಮೇಲೆ ಬೇಕಿದ್ದರೆ ಬಿಳಿ ಫಿಲ್ಲಿಂಗ್. ಐದು ವರ್ಷದ, ಸಂದಿನಲ್ಲಿ ಹುಳುಕಿರುವ, ರಾತ್ರಿ ನೋವಿಲ್ಲದ ಮಗು: ಹಾಲ್ ಕ್ಯಾಪ್ ಸಾಧ್ಯವೇ ಎಂದು ಕೇಳಿ. ಅದೇ ವಯಸ್ಸಿನ, ರಾತ್ರಿ ಅಳುವ ಮಗು: ನರದ ಚಿಕಿತ್ಸೆ ಮತ್ತು ಕ್ಯಾಪ್, ಕೈಯಲ್ಲಿ ಆಗದಿದ್ದರೆ ಕೀಳಿಸಿ ಮೇಂಟೇನರ್. ಒಂಬತ್ತೂವರೆ ವರ್ಷದ ಮಗುವಿನ ಮೊದಲ ಹಾಲುದವಡೆ ಅಲುಗಾಡುತ್ತಿದ್ದರೆ ಎಕ್ಸ್‌ರೇ ನೋಡಿ ಬಿಟ್ಟುಬಿಡಬಹುದು.

ಯಾವುದನ್ನೇ ಆರಿಸಿದರೂ ಪೂರ್ತಿ ನಿಶ್ಚಿಂತೆ ಸಿಗದು. ಬ್ರಿಟನ್ನಿನಲ್ಲಿ 3ರಿಂದ 7 ವರ್ಷದ 1,144 ಮಕ್ಕಳನ್ನು ಮೂರು ಗುಂಪು ಮಾಡಿ, ಒಂದಕ್ಕೆ ಕೊರೆದು ತುಂಬುವುದು, ಒಂದಕ್ಕೆ ಹುಳುಕನ್ನು ಮುಚ್ಚಿಬಿಡುವುದು, ಇನ್ನೊಂದಕ್ಕೆ ತಡೆಗಟ್ಟುವ ಕ್ರಮಗಳಷ್ಟೇ ಎಂದು ಮೂರು ವರ್ಷದವರೆಗೆ ನೋಡಿದಾಗ, ನೋವು ಅಥವಾ ಸೋಂಕು ಅನುಭವಿಸಿದವರ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ; ಮೂರರಲ್ಲೂ ಹತ್ತಕ್ಕೆ ನಾಲ್ವರಷ್ಟು ಮಕ್ಕಳು ನೋವನ್ನೋ ಸೋಂಕನ್ನೋ ಕಂಡರು. ಆದ್ದರಿಂದ ಒಪ್ಪಿಗೆ ಕೊಡುವ ಮುನ್ನ ವೈದ್ಯರನ್ನು ಕೇಳಬೇಕಾದದ್ದು ಇಷ್ಟು: ಈ ಹಲ್ಲು ಬೀಳಲು ಇನ್ನೆಷ್ಟು ವರ್ಷ, ನರ ಆರೋಗ್ಯವಾಗಿದೆಯೇ, ಇದಕ್ಕಿಂತ ಸಣ್ಣ ಚಿಕಿತ್ಸೆ ಏಕೆ ಸಾಲದು, ಇದು ವಿಫಲವಾದರೆ ಮುಂದಿನ ಹೆಜ್ಜೆ ಏನು ಮತ್ತು ಅದಕ್ಕೆ ಎಷ್ಟಾಗುತ್ತದೆ. ಖರ್ಚಿನ ಅಂದಾಜನ್ನು ಹಲ್ಲಿನ ಲೆಕ್ಕದಲ್ಲಿ, ಕ್ಯಾಪ್ ಸೇರಿದೆಯೋ ಇಲ್ಲವೋ ಎಂಬುದನ್ನು ನಮೂದಿಸಿ, ಬರವಣಿಗೆಯಲ್ಲೇ ಪಡೆಯಿರಿ.